ಖಾಂಡವದ ಬೆಂಕಿ, ತರಗಿನ ಬೆಂಕಿ

ಅಗ್ನಿದೇವನಿಗೆ ಅಜೀರ್ಣವಾಯಿತಂತೆ. ಶ್ವೇತಕಿ ಎಂಬ ರಾಜ ಹನ್ನೆರಡು ವರ್ಷ ಯಜ್ಞದಲ್ಲಿ ಸುರಿದ ತುಪ್ಪ ಕುಡಿದೂ ಕುಡಿದೂ ಹೊಟ್ಟೆ ಕೆಟ್ಟಿತಂತೆ. ಅದಕ್ಕೆ ಮದ್ದು ಖಾಂಡವವನ! ನಮ್ಮ ಮನೆಯಲ್ಲಿ ತುಪ್ಪದಿಂದ ಯಾರ ಹೊಟ್ಟೆಯೂ ಕೆಟ್ಟದ್ದಿಲ್ಲ, ಇರಲಿ.

ನಮ್ಮ ಮನೆತನಕ್ಕೇ ಮೊದಲ ಬಿ.ಎ. ನಾನು. ಪಂಪನ ಖಾಂಡವದಹನ ಪಾಠವಾದಾಗ ಮೇಷ್ಟ್ರು ಆ ವರ್ಣನೆ ಹೊಗಳಿ ಸುಸ್ತಾದರು. ಸುಟ್ಟುಹೋದವರು ಯಾರು ಅಂತ ಯಾರೂ ಕೇಳಲಿಲ್ಲ. ವ್ಯಾಸಭಾರತದಲ್ಲಿ ಅವರ ಗುರುತಿದೆ. ಅಗ್ನಿ ಅದಕ್ಕೂ ಮೊದಲು ಏಳು ಸಲ ಆ ಕಾಡಿಗೆ ಬಿದ್ದಿದ್ದ. ಏಳು ಸಲವೂ ಆನೆಗಳು ಸೊಂಡಿಲಲ್ಲಿ, ನಾಗಗಳು ಹೆಡೆಯಲ್ಲಿ ನೀರು ತಂದು ಆರಿಸಿದವು. ಅಂದರೆ ಬೆಂಕಿ ಜೊತೆ ಬದುಕುವುದು ಆ ಕಾಡಿಗೆ ಗೊತ್ತಿತ್ತು. ಎಂಟನೇ ಸಲ ಬಂದದ್ದು ಬರೀ ಬೆಂಕಿಯಲ್ಲ. ಕೃಷ್ಣಾರ್ಜುನರು ಎರಡೂ ಕಡೆ ನಿಂತು, ಓಡಿಬಂದ ಜೀವಗಳನ್ನು ಹೊಡೆದು ಮತ್ತೆ ಬೆಂಕಿಗೇ ಕೆಡವಿದರು. ಉಳಿದವರು ತಕ್ಷಕನ ಮಗ ಅಶ್ವಸೇನ, ನಾಲ್ಕು ಶಾರ್ಙ್ಗಕ ಹಕ್ಕಿಮರಿಗಳು, ಮಯ. ಆ ಮಯನ ಕೈಯಿಂದಲೇ ಪಾಂಡವರಿಗೆ ಸಭೆ ಕಟ್ಟಿಸಿದರು. ಇದು ನೆಲಕ್ಕಾಗಿ ಕಾಡು ಕಡಿದ ಕತೆ ಅಂತ ಇರಾವತಿ ಕರ್ವೆ 'ಯುಗಾಂತ'ದಲ್ಲಿ ಓದಿ ತೋರಿಸಿದ್ದಾರೆ.

ಪುರಾಣದ ಕಾಡು ತಾನೆ, ಬಿಡಯ್ಯ ಅನ್ನಬಹುದು. ಆದರೆ ಆ ಕಾಡಿನಲ್ಲಿ ಬೆಂಕಿಗೆ ಇರುವುದು ಒಂದೇ ಕೆಲಸ: ನಿರ್ನಾಮ. ಅದನ್ನೇ ಓದಿ ಬೆಳೆದವರಿಗೆ ನಿಜವಾದ ಕಾಡಿನ ಬೆಂಕಿಯೂ ಹಾಗೇ ಕಾಣುತ್ತದೆ.

ನಮ್ಮೂರಿರುವುದು ಬಿಳಿಗಿರಿರಂಗನ ಬೆಟ್ಟದ ಬುಡದಲ್ಲಿ. ಅಲ್ಲಿನ ಸೋಲಿಗರಿಗೆ ಬೇರೆಯೇ ಬೆಂಕಿಯೊಂದಿತ್ತು. ಹೆಸರು ತರಗು ಬೆಂಕಿ. ಮಳೆ ನಿಂತು, ಬೇಸಿಗೆ ಬಲಿಯುವ ಮೊದಲೇ ಉದುರಿದ ಎಲೆಗೆ ಹಚ್ಚುತ್ತಿದ್ದರು. ಅದು ನೆಲದ ಮೇಲೇ ಹರಿದು ಆರಿಹೋಗುತ್ತಿತ್ತು. ದಪ್ಪ ತೊಗಟೆಯ ಮರಕ್ಕೆ ಏನೂ ಆಗುತ್ತಿರಲಿಲ್ಲ. ಕಳೆಯ ಮೊಳಕೆ ಸಾಯುತ್ತಿತ್ತು, ನೆಲ್ಲಿ ಮರದ ಬಂದಳಿಕೆ ಹದ್ದಿನಲ್ಲಿರುತ್ತಿತ್ತು, ಮಳೆ ಬಿದ್ದರೆ ಕಡವೆಗೆ ಎಳೆ ಹುಲ್ಲು. "ನಾವ್ ಆಕ್ತಿದ್ದ ಬೆಂಕಿ ಮೊಣಕಾಲ್ ದಾಟ್ತಿರ್ನಿಲ್ಲ ಕನಾ ಮೊಗಾ" ಅಂದರು ನನ್ನ ಗೆಳೆಯನ ತಾತ.

1974ರಲ್ಲಿ ಅದು ಅಭಯಾರಣ್ಯವಾಯಿತು. ಯಾರಿಗೆ ಅಭಯವೋ! ಪೋಡುಗಳನ್ನು ಎತ್ತಿಸಿದರು, ಬೆಂಕಿ ನಿಂತಿತು. ಬ್ರಿಟಿಷರು ಹೂವಿನ ಚೆಂದಕ್ಕೆ ದೇಶಕ್ಕೆ ತಂದ ಲಂಟಾನ ಈಗ ಅಲ್ಲಿ ಆಳೆತ್ತರ ಹಬ್ಬಿದೆ. ಕಡುಬೇಸಿಗೆಯಲ್ಲಿ ಕಿಚ್ಚು ಬಿದ್ದರೆ ಆ ಪೊದೆಯನ್ನೇ ಏಣಿ ಮಾಡಿಕೊಂಡು ಮರ ಹತ್ತುತ್ತದೆ. ಅಪವಾದ ಮಾತ್ರ ಸುಲಭವಾಗಿ ಕಾಡಿನ ಜನದ ತಲೆಗೇ. 2006ರ ಅರಣ್ಯ ಹಕ್ಕು ಕಾಯ್ದೆಯಡಿ 2011ರಲ್ಲಿ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯದ ಹಕ್ಕುಪತ್ರ ಸಿಕ್ಕಿತು. ಜೇನು, ನೆಲ್ಲಿ ತರಬಹುದು. ಬೆಂಕಿ ಹಚ್ಚಿದರೆ ಮಾತ್ರ ಕೇಸು.

ಹಚ್ಚಲು ಬಿಟ್ಟರೆ ಎಲ್ಲ ಸರಿಹೋಗುತ್ತದಾ ಅಂತ ತಾತನನ್ನೇ ಕೇಳಿದೆ. "ಈಗ್ಲೇ ಆಕುದ್ರ ಮರಾನೂ ಉಳಿಯಲ್ಲ. ಮೊದ್ಲು ಆ ಗಿಡ ಬುಡ್ದಿಂದ ಕೀಳ್ಬೇಕು. ಆಮೇಲ್ ಬೆಂಕಿ" ಅಂದು, ಯಾವ ಗುಡ್ಡದಿಂದ ಶುರು ಮಾಡಬೇಕು ಅಂತ ಕೈ ತೋರಿಸಿದರು.