ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ?

ನಮ್ಮ ಮನೆಯಲ್ಲಿ ಪ್ರವಾಸ ಅಂದರೆ ಮೊದಲು ತೆರೆಯುವುದು ಸೂಟ್‌ಕೇಸ್ ಅಲ್ಲ, ಎಕ್ಸೆಲ್ ಶೀಟ್. 15 ವರ್ಷ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿದ ಮೇಲೆ ಯಾವುದು ಎಲ್ಲಿ ಕೈಕೊಡಬಹುದು ಎಂದು ಮೊದಲೇ ಯೋಚಿಸುವುದು ನನಗೆ ಚಟವೇ ಆಗಿಬಿಟ್ಟಿದೆ. "ನೀನು ಊರು ನೋಡೋಕೆ ಹೋಗ್ತೀಯೋ, ಆಡಿಟ್ ಮಾಡೋಕೆ ಹೋಗ್ತೀಯೋ?" ಎಂದು ನನ್ನ ಗಂಡ ನಗುತ್ತಾರೆ. ನಗಲಿ. ರಾತ್ರಿ ಹನ್ನೊಂದಕ್ಕೆ ಗೊತ್ತಿಲ್ಲದ ಊರಿನಲ್ಲಿ ಬಿಸಿನೀರು ಬರದಿದ್ದಾಗ ಎಲ್ಲರೂ ನನ್ನ ಮುಖವನ್ನೇ ನೋಡುತ್ತಾರೆ.

ಈ ಸಲದ ಶೀಟಿನ ಹೆಸರು "ಜೈಸಲ್ಮೇರ್, ಡಿಸೆಂಬರ್". ಹೋಗುವವರು ನಾಲ್ಕು ಜನ: ನಾವಿಬ್ಬರು, 11 ವರ್ಷದ ಮಗ, ಮತ್ತು 73 ವರ್ಷದ ನನ್ನ ಅಪ್ಪ. ಆ ನಾಲ್ಕನೆಯ ಹೆಸರಿಗಾಗಿಯೇ ಇಷ್ಟೆಲ್ಲ ತಯಾರಿ. ಅವ್ವ ತೀರಿಕೊಂಡು ಎರಡು ವರ್ಷವಾಯಿತು. ಅಪ್ಪ ಬಾಗಲಕೋಟೆಯ ನವನಗರದಲ್ಲಿ ಒಬ್ಬರೇ ಇದ್ದಾರೆ. ಪುಣೆಗೆ ಬಂದರೆ ಎಂಟನೇ ದಿನಕ್ಕೆ "ಮನಿಗೆ ಕೀಲಿ ಹಾಕಿ ಭಾಳ ದಿನ ಆತು" ಎಂದು ಶುರು ಮಾಡುತ್ತಾರೆ. ಪ್ರವಾಸ ಎಂದರೆ "ನನಗ್ಯಾಕವಾ, ನೀವು ಹೋಗಿ ಬರ್ರಿ". ಈ ಸಲ ಮೊಮ್ಮಗ ಫೋನಿನಲ್ಲಿ ಕೇಳಿದ್ದಕ್ಕೆ ಹೂಂ ಅಂದಿದ್ದರು. ಆ ಹೂಂ ಉಹೂಂ ಆಗುವ ಮೊದಲು ನಾನು ಎಲ್ಲವನ್ನೂ ಬುಕ್ ಮಾಡಬೇಕಿತ್ತು.

ಜೈಸಲ್ಮೇರ್ ಯಾಕೆಂದರೆ, ನಮ್ಮ ಎದುರು ಫ್ಲಾಟಿನವರು ಬಂಗಾಳಿಗಳು. ಅವರ ಮನೆಯಲ್ಲಿ ಮಗ ಸತ್ಯಜಿತ್ ರಾಯ್ ಅವರ 'ಸೋನಾರ್ ಕೆಲ್ಲಾ' ನೋಡಿ ಬಂದ. 1974ರ ಸಿನಿಮಾ. ಹಿಂದಿನ ಜನ್ಮದ ಚಿನ್ನದ ಕೋಟೆಯೊಂದು ತನಗೆ ನೆನಪಿದೆ ಎನ್ನುವ ಪುಟ್ಟ ಹುಡುಗನ ಕಥೆ. ಆ ಕೋಟೆಯಲ್ಲಿ ಈಗಲೂ ಜನ ವಾಸಿಸುತ್ತಾರೆ, ಒಳಗೇ ಹೋಟೆಲ್‌ಗಳಿವೆ ಎಂದು ಗೊತ್ತಾದ ಮೇಲೆ ಅವನದು ಒಂದೇ ಹಟ: "ಅಮ್ಮಾ, ಕೋಟೆಯೊಳಗೇ ಮಲಗಬೇಕು."

ಹಟ ತಪ್ಪೇನಲ್ಲ. ನಮ್ಮ ಹೆಚ್ಚಿನ ಕೋಟೆಗಳನ್ನು ಟಿಕೆಟ್ ತೆಗೆದುಕೊಂಡು ನೋಡಿ ಸಂಜೆಗೆ ಹೊರಗೆ ಬರುತ್ತೇವೆ. 1156ರಲ್ಲಿ ಭಾಟಿ ರಜಪೂತ ದೊರೆ ರಾವಲ್ ಜೈಸಲ್ ಕಟ್ಟಿಸಿದ ಈ ಕೋಟೆಯಲ್ಲಿ ಸಾವಿರಾರು ಜನ ಇಂದಿಗೂ ಸಂಸಾರ ಮಾಡುತ್ತಿದ್ದಾರೆ. ತ್ರಿಕೂಟ ಗುಡ್ಡದ ಮೇಲೆ, ಸುತ್ತಲಿನ ನೆಲದಿಂದ ಸುಮಾರು 76 ಮೀಟರ್ ಎತ್ತರದಲ್ಲಿ, 99 ಬುರುಜುಗಳ ನಡುವೆ ಮನೆ, ಅಂಗಡಿ, ಜೈನ ಬಸದಿಗಳು. ಹಳೆಯ ಮನೆಗಳಲ್ಲೇ ಐದು, ಆರು ರೂಮು ಮಾಡಿ ಹೋಟೆಲ್ ನಡೆಸುವವರು ಅನೇಕರು.

ನನ್ನ ಶೀಟಿನ ಕಾಲಂಗಳನ್ನು ಹೇಳುತ್ತೇನೆ, ವಯಸ್ಸಾದವರನ್ನು ಕರೆದುಕೊಂಡು ಹಳೆಯ ಊರುಗಳಿಗೆ ಹೋಗುವವರಿಗೆ ಉಪಯೋಗವಾದೀತು. ಆಟೋ ನಿಲ್ಲುವ ಜಾಗದಿಂದ ಬಾಗಿಲಿನ ತನಕ ಎಷ್ಟು ನಡಿಗೆ? ಒಳಗೆ ಎಷ್ಟು ಮೆಟ್ಟಿಲು? ಕೋಟೆಯ ಓಣಿಗಳು ಕಿರಿದು, ಕಾರು ಒಳಗೆ ಹೋಗುವುದಿಲ್ಲ. ಹಳೆಯ ಮನೆಗಳ ಮೆಟ್ಟಿಲುಗಳಂತೂ ಕಡಿದು. ನೆಲಮಹಡಿಯ ರೂಮು ಇದೆಯೇ? ವೆಸ್ಟರ್ನ್ ಕಮೋಡ್ ಇದೆಯೇ? ಡಿಸೆಂಬರ್ ರಾತ್ರಿ ಮರುಭೂಮಿಯ ಚಳಿಗೆ ಎಷ್ಟು ರಜಾಯಿ ಕೊಡುತ್ತಾರೆ? ಎಷ್ಟು ದಿನ ಮೊದಲು ಕ್ಯಾನ್ಸಲ್ ಮಾಡಿದರೆ ಪೂರ್ತಿ ಹಣ ವಾಪಸ್? ಕೊನೆಯದು, ರೂಮಿನ ಬಾಡಿಗೆ ಅನುಮಾನ ಬರುವಷ್ಟು ಕಡಿಮೆ ಇದ್ದರೆ ಒಂಟೆ ಸಫಾರಿ ಕಡ್ಡಾಯವೇ ಎಂದು ಬರಹದಲ್ಲೇ ಕೇಳಿಕೊಳ್ಳಿ. ಅಗ್ಗದ ರೂಮು ಕೊಟ್ಟು ಸಫಾರಿಗೆ ಒತ್ತಾಯ ಮಾಡುವುದು ಆ ಊರಿನಲ್ಲಿ ಹಳೆಯ ರೂಢಿ.

ಇಷ್ಟೆಲ್ಲ ಸೋಸಿದ ಮೇಲೆ ಒಂದು ಹೋಟೆಲ್ ಸಿಕ್ಕಿತು. ಆರೇ ರೂಮು. ಕೋಟೆ ಗೋಡೆಗೆ ಅಂಟಿಕೊಂಡಂತೆ ಜರೋಖಾ, ಅದರಲ್ಲಿ ಕೂತರೆ ಕೆಳಗೆ ಇಡೀ ಊರು. ಮಗ ಫೋಟೋ ನೋಡಿ ಕುಣಿದ. ಬುಕ್ ಮಾಡಿ, ದೊಡ್ಡ ಕೆಲಸ ಮುಗಿಸಿದವಳ ಹಾಗೆ ಅಪ್ಪನಿಗೆ ಫೋನ್ ಮಾಡಿದೆ.

"ಕೋಟಿ ಒಳಗ ಹೋಟೆಲಾ? ಎಷ್ಟ ಖೋಲಿ ಅದಾವು?"

"ಆರು ಅಪ್ಪಾ."

"ಎಲ್ಲಾ ಖೋಲಿಗೂ ಬಚ್ಚಲಾ ಒಳಗನ?"

"ಹೂಂ. ಇಪ್ಪತ್ನಾಕ ತಾಸು ಬಿಸಿನೀರು ಅಂತ ಬರದಾರ."

ಅಪ್ಪ ಲೋಕೋಪಯೋಗಿ ಇಲಾಖೆಯಲ್ಲಿ ವರ್ಕ್ ಇನ್‌ಸ್ಪೆಕ್ಟರ್ ಆಗಿ ನಿವೃತ್ತರಾದವರು. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಅಲ್ಲವಾ, ಗುಡ್ಡದ ಮ್ಯಾಲಿನ ಎಂಟನೂರ ವರ್ಷದ ಕಟ್ಟಡ ಅಂತಿ. ಆ ಬಚ್ಚಲ ನೀರ ಎಲ್ಲಿಗೆ ಹೋಗ್ತೈತಿ?"

ನನ್ನ ಶೀಟಿನಲ್ಲಿ ಆ ಕಾಲಂ ಇರಲಿಲ್ಲ.

ಅವತ್ತು ರಾತ್ರಿ ಓದುತ್ತ ಕೂತೆ. ಜೈಸಲ್ಮೇರಿನ ವಾರ್ಷಿಕ ಮಳೆ ಸುಮಾರು 200 ಮಿ.ಮೀ. ಮಳೆ ಕಡಿಮೆ ಎನಿಸಿಕೊಂಡ ನಮ್ಮ ಬಾಗಲಕೋಟೆಯ ಅರ್ಧಕ್ಕೂ ಕಡಿಮೆ. ಅಂಥ ಊರಿನ ಮನೆಗಳನ್ನು ನೀರು ಹರಿಯುತ್ತದೆ ಎಂಬ ಲೆಕ್ಕದಲ್ಲಿ ಕಟ್ಟಿದ್ದೇ ಅಲ್ಲ. ಕಲ್ಲಿಗೆ ಕಲ್ಲು ಕೂಡಿಸಿದ ಗೋಡೆ, ಮರದ ತೊಲೆಗಳ ಮೇಲೆ ಮಣ್ಣಿನ ಮಾಳಿಗೆ. ಹಿಂದೆ ಹೆಂಗಸರು ಕೆಳಗಿನ ಗಡೀಸರ್ ಕೆರೆಯಿಂದ ಕೊಡಗಳಲ್ಲಿ ನೀರು ಹೊತ್ತು ತರುತ್ತಿದ್ದರು. ಹಾಗೆ ತಂದ ನೀರನ್ನು ಯಾರೂ ಚೆಲ್ಲುವುದಿಲ್ಲ. ಆಮೇಲೆ ಕೊಳವೆ ಬಂತು, ಪ್ರವಾಸಿಗರು ಬಂದರು, ರೂಮಿಗೊಂದು ಬಾತ್‌ರೂಮ್ ಬಂತು. ಕೋಟೆಯ ಕೆಳಗಿರುವುದು ನಮ್ಮ ಕಡೆಯ ಕರಿಕಲ್ಲಿನ ಬಂಡೆಯಲ್ಲ, ಮರಳುಗಲ್ಲು ಮತ್ತು ಜೇಡಿಯ ಪದರಗಳು. ಒಡೆದ ಕೊಳವೆ, ಚರಂಡಿಗಳಿಂದ ಜಿನುಗಿದ ನೀರು ಆ ಜೇಡಿಗೆ ಇಳಿದು ಬುಡವನ್ನೇ ಮೆತ್ತಗೆ ಮಾಡಿತು. ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಸಂಸ್ಥೆ ತನ್ನ ಅಪಾಯದಲ್ಲಿರುವ ಸ್ಮಾರಕಗಳ ಪಟ್ಟಿಯಲ್ಲಿ ಈ ಕೋಟೆಯನ್ನು 1996, 1998, 2000 ಹೀಗೆ ಮೂರು ಸಲ ಸೇರಿಸಿತು. ಒಂದು ಕಾಲದಲ್ಲಿ ಲೋನ್ಲಿ ಪ್ಲಾನೆಟ್ ಪುಸ್ತಕ ಕೋಟೆಯೊಳಗಿನ ಹೋಟೆಲ್‌ಗಳನ್ನು ಶಿಫಾರಸು ಮಾಡುವುದನ್ನೇ ನಿಲ್ಲಿಸಿತ್ತು. 2013ರಲ್ಲಿ ರಾಜಸ್ಥಾನದ ಇನ್ನೂ ಐದು ಕೋಟೆಗಳ ಜೊತೆ ಯುನೆಸ್ಕೋ ಪಟ್ಟಿಗೆ ಸೇರಿತು. ಹಳೆಯ ಕೊಳವೆ, ಚರಂಡಿಗಳನ್ನು ಬದಲಿಸುವ ಕೆಲಸವೂ ನಡೆಯಿತು. ಆದರೂ 2024ರ ಆಗಸ್ಟ್ ಮಳೆಗೆ ಗೋಡೆಯ ಒಂದು ಭಾಗ ಕುಸಿದು ರಸ್ತೆಗೆ ಬಿತ್ತು.

ಮಣ್ಣಿನ ಮಾಳಿಗೆ ಎಂದು ಓದಿದಾಗ ನನಗೆ ನಮ್ಮ ಹಳೆಮನೆ ನೆನಪಾಯಿತು. ಹಳೆ ಬಾಗಲಕೋಟೆಯಲ್ಲಿ, ಘಟಪ್ರಭೆಯ ಕಡೆಗಿನ ಓಣಿಯಲ್ಲಿದ್ದ ಮೇಲ್ಮುದ್ದೆಯ ಮನೆ. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಅಪ್ಪ ಮಾಳಿಗೆಗೆ ಹೊಸ ಮಣ್ಣು ಹಾಕಿಸಿ ಬಡಿಸುತ್ತಿದ್ದರು. ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಆಲಮಟ್ಟಿಯ ಹಿನ್ನೀರಿಗಾಗಿ ನಮ್ಮ ಓಣಿಯನ್ನು ತೆರವು ಮಾಡಿಸಿದರು. ಜನ ತಮ್ಮ ಮನೆಗಳನ್ನು ತಾವೇ ಬಿಚ್ಚಿದರು. ತೊಲೆ, ಜಂತಿ, ಕಿಟಕಿ, ಬಾಗಿಲು ಎಲ್ಲವನ್ನೂ ಟ್ರ್ಯಾಕ್ಟರಿಗೆ ಹೇರಿಕೊಂಡು ನವನಗರದ ಸೆಕ್ಟರುಗಳಿಗೆ ಹೋದರು. ಅಪ್ಪ ಹಳೆಮನೆಯ ತಲಬಾಗಿಲ ಚೌಕಟ್ಟನ್ನು ತಂದು ಹೊಸ ಮನೆಯ ದೇವರ ಖೋಲಿಗೆ ಕೂಡಿಸಿದ್ದಾರೆ. ಆ ಖೋಲಿಗೆ ಅದು ಬಹಳ ದೊಡ್ಡದು. ಅವ್ವ ಕೊನೆಯ ತನಕವೂ ಅದಕ್ಕೆ ಅರಿಶಿನ ಕುಂಕುಮ ಹಚ್ಚುತ್ತಿದ್ದಳು.

ಮರುದಿನ ಆಫೀಸಿನ ಊಟದ ವೇಳೆಯಲ್ಲಿ ಹೋಟೆಲಿನ ಮಾಲೀಕರಿಗೆ ಫೋನ್ ಮಾಡಿ ಸಂಕೋಚದಿಂದಲೇ ಕೇಳಿದೆ, ನಿಮ್ಮ ಬಾತ್‌ರೂಮಿನ ನೀರು ಎಲ್ಲಿಗೆ ಹೋಗುತ್ತದೆ ಎಂದು. ಸಿಟ್ಟಾಗಬಹುದು ಅಂದುಕೊಂಡಿದ್ದೆ. ಅವರು ನಕ್ಕರು.

"ಇದನ್ನು ಹೊರದೇಶದವರು ಕೇಳುತ್ತಿದ್ದರು ಮೇಡಂಜೀ. ನಮ್ಮವರು ಕೇಳಿದ್ದು ಕಡಿಮೆ." ಆಮೇಲೆ ಹಿಂದಿಯಲ್ಲಿ ನಿಧಾನವಾಗಿ ಹೇಳಿದರು. ಹೊಸ ಲೈನಿಗೆ ಕೂಡಿಸಿದ್ದೇವೆ, ಕೆಳಗೆ ಇಳಿದು ಹೋಗುತ್ತದೆ. ಸೋರುವುದೇ ಇಲ್ಲವೇ ಎಂದರೆ, ಯಾವ ಊರಿನ ಲೈನು ಸೋರುವುದಿಲ್ಲ ಹೇಳಿ. ನನ್ನ ಅಜ್ಜಿ ಇಡೀ ಮನೆಗೆ ತರುತ್ತಿದ್ದ ನೀರು ಇವತ್ತು ಒಬ್ಬ ಅತಿಥಿಯ ಸ್ನಾನಕ್ಕೆ ಬೇಕು, ಅದು ನನಗೂ ಗೊತ್ತು. ಆದರೆ ಈ ಕಲ್ಲಿನ ಮನೆಗೆ ವರ್ಷವರ್ಷ ರಿಪೇರಿ ಬರುತ್ತದೆ. ಆ ದುಡ್ಡು ಬರುವುದು ಈ ಆರು ರೂಮಿನಿಂದಲೇ. ನಮ್ಮನ್ನು ಕೆಳಗೆ ಇಳಿಯಿರಿ ಎನ್ನುವವರು ಬಹಳ ಜನ ಇದ್ದಾರೆ. ನಾವೆಲ್ಲ ಇಳಿದ ಮೇಲೆ ಇಲ್ಲಿ ಸಂಜೆ ದೀಪ ಹಚ್ಚುವವರು ಯಾರು?

ನನ್ನಲ್ಲಿ ಉತ್ತರವಿರಲಿಲ್ಲ. ಕೊನೆಗೆ ಅವರೇ ಅಂದರು: "ಕೆಳಗೆ ಉಳಿಯಬೇಕು ಅನ್ನಿಸಿದರೆ ಉಳಿಯಿರಿ, ಬೇಸರವಿಲ್ಲ. ತಂದೆಯವರನ್ನು ಕರೆದುಕೊಂಡು ಮೇಲೆ ಚಹಾಕ್ಕೆ ಬನ್ನಿ."

ಪೂರ್ತಿ ಹಣ ವಾಪಸ್ ಸಿಗಲು ಇನ್ನು ಎರಡೇ ದಿನ ಉಳಿದಿತ್ತು. ಹಣದ ಮಾತು ಬಿಡಿ, ಯಾವ ಕಡೆ ನಿಂತರೂ ಯಾರಿಗೋ ಅನ್ಯಾಯ ಮಾಡುತ್ತಿದ್ದೇನೆ ಅನ್ನಿಸಿತು. ಒಳಗೆ ಉಳಿದರೆ ನಾಲ್ಕು ಜನರ ಸ್ನಾನದ ನೀರು ಆ ಗುಡ್ಡಕ್ಕೆ. ಉಳಿಯದಿದ್ದರೆ, ಊರು ಬಿಡಿ ಎಂದು ಅವರಿಗೆ ಹೇಳುವವರ ಸಾಲಿನಲ್ಲಿ ನಾನೂ ನಿಂತಂತೆ. ಅದೂ ನಾನು! ಊರು ಬಿಟ್ಟವರ ಮಗಳು. ರಾತ್ರಿ ಅಪ್ಪನಿಗೆ ಎಲ್ಲವನ್ನೂ ಹೇಳಿದೆ. ಫೋನು ಸ್ಪೀಕರಿನಲ್ಲಿತ್ತು, ಮಗ ಪಕ್ಕದಲ್ಲೇ ಇದ್ದ.

"ಅಂವಾ ಹೇಳೂದು ಖರೆ ಐತಿ" ಅಂದರು ಅಪ್ಪ. "ನಮ್ಮನ್ನ ಎಬ್ಬಿಸಿದಾಗ ನಕಾಶಿ ಮ್ಯಾಲ ಗೆರಿ ಹೊಡದವರು ಯಾರೂ ನಮ್ಮ ಓಣ್ಯಾಗ ಒಂದ ರಾತ್ರಿ ಮಲಗಿದವರಲ್ಲ. ಅಲ್ಲಿ ಹುಟ್ಟಿದವರು ಅಲ್ಲೇ ಇರಬೇಕವಾ. ಅವರನ್ನ ಏಳ್ರಿ ಅನ್ನಾಕ ನಾವ್ಯಾರು?" ಸ್ವಲ್ಪ ತಡೆದು ಮತ್ತೆ ಅಂದರು: "ಆದ್ರ ನಾವು ಮೂರ ದಿನದ ಮಂದಿ. ಮೂರ ದಿನಕ್ಕ ಹೋದವರು ಎಲ್ಲಿ ಮಲಗಿದ್ರೂ ನಡಿತೈತಿ. ಅವರ ಹಂಗ ಅಲ್ಲ."

ನನಗೆ ಬೇಕಾದ ಉತ್ತರ ಅದರಲ್ಲಿತ್ತು. ಆ ಮನೆಯವರ ಹಕ್ಕು ಬೇರೆ, ನನ್ನ ಆಸೆ ಬೇರೆ. ಎರಡನ್ನೂ ಒಂದೇ ಕಾಲಮ್ಮಿಗೆ ಹಾಕಿಕೊಂಡು ಒದ್ದಾಡುತ್ತಿದ್ದೆ. ಅವರಿಗೆ ಹೋಗಲು ಬೇರೆ ಮನೆಯಿಲ್ಲ. ನನಗೆ ಮಲಗಲು ಬೇರೆ ರೂಮು ಇದೆ.

ಮಗ ಮುಖ ಊದಿಸಿಕೊಂಡ, ನಿಜ. ಆದರೆ ಅವನು ಕೇಳಿದ್ದು ಬೇರೆಯದನ್ನು: "ಅಜ್ಜಾ, ನಿಮ್ಮನ್ನ ಯಾರು ಎಬ್ಬಿಸಿದ್ದು? ನಿಮ್ಮ ಮನೆ ಎಲ್ಲಿ ಹೋಯ್ತು?" ಆಗ ನನಗೆ ಹೊಳೆಯಿತು, ನಾನು ಇವನಿಗೆ ಹೇಳಿಯೇ ಇಲ್ಲ. ಅವನ ಲೆಕ್ಕದಲ್ಲಿ ಬಾಗಲಕೋಟೆ ಎಂದರೆ ನವನಗರವೇ. ಹಿಂದಿನ ಜನ್ಮದ ಕೋಟೆ ಹುಡುಕುವ ಹುಡುಗನ ಕಥೆಯನ್ನು ಮೂರು ಸಲ ನೋಡಿದವನಿಗೆ ಅವನ ಅಜ್ಜನ ಓಣಿ ಗೊತ್ತಿಲ್ಲ. ಅಪ್ಪ ಅವತ್ತು ಮುಕ್ಕಾಲು ತಾಸು ಮಾತಾಡಿದರು. ಅವ್ವ ಹೋದ ಮೇಲೆ ಅಷ್ಟು ಉದ್ದ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಜೈಸಲ್ಮೇರಿಗೆ ನೀರು ಎಲ್ಲಿಂದ ಬರುತ್ತದೆ ಎಂದು ಮಗ ಕೇಳಿದಾಗ ನಾನು ಓದಿದ್ದನ್ನು ಹೇಳಿದೆ: ಪಂಜಾಬಿನ ಹರಿಕೆಯಿಂದ ಹೊರಡುವ ಇಂದಿರಾ ಗಾಂಧಿ ಕಾಲುವೆಯಿಂದ. ಅದಕ್ಕೆ ನೀರು ಹಿಡಿದಿಡಲು ಪೋಂಗ್ ಅಣೆಕಟ್ಟು ಕಟ್ಟಿದಾಗ ಹಿಮಾಚಲದ ಕಾಂಗ್ಡಾದ ಹಳ್ಳಿಗಳು ಮುಳುಗಿದವು. "ಅಲ್ಲೂ ನಮ್ಮಂಥವರು ಅದಾರ ಅಂದಂಗಾತು" ಅಂದರು ಅಪ್ಪ.

ಮರುದಿನ ಕೋಟೆಯೊಳಗಿನ ಬುಕಿಂಗ್ ಕ್ಯಾನ್ಸಲ್ ಮಾಡಿ ಮಾಲೀಕರಿಗೆ ತಿಳಿಸಿದೆ. ಗುಡ್ಡದ ಬುಡದಲ್ಲಿ ಎಂಟು ರೂಮಿನ ಒಂದು ಹೋಟೆಲ್ ಹಿಡಿದೆ. ನೆಲಮಹಡಿಯಲ್ಲಿ ಎರಡು ರೂಮು, ನಾಲ್ಕೇ ಮೆಟ್ಟಿಲು, ಸಫಾರಿ ಕಡ್ಡಾಯವಿಲ್ಲ ಎಂದು ವಾಟ್ಸಾಪಿನಲ್ಲಿ ಬರೆದುಕೊಟ್ಟಿದ್ದಾರೆ. ಮಾಳಿಗೆ ಹತ್ತಿದರೆ ಇಡೀ ಕೋಟೆ ಎದುರಿಗೆ. ಮಗನಿಗೆ ಅದನ್ನು ಹೇಳಿ ಒಪ್ಪಿಸಿದೆ: ಒಳಗೆ ಮಲಗಿದವರಿಗೆ ಕೋಟೆ ಕಾಣುವುದಿಲ್ಲ ಮಾರಾಯ, ಚಿನ್ನದ ಬಣ್ಣ ನೋಡಬೇಕಾದರೆ ಹೊರಗೇ ಇರಬೇಕು. ಮಧ್ಯಾಹ್ನದ ಊಟ, ಗೈಡು, ಏನಾದರೂ ಕೊಳ್ಳುವುದಿದ್ದರೆ ಅದೂ ಕೋಟೆಯೊಳಗೇ ಎಂದು ಶೀಟಿನಲ್ಲಿ ಬರೆದಿಟ್ಟಿದ್ದೇನೆ. ಆರು ರೂಮಿನವರ ಮನೆಯ ಚಹಾ ಎರಡನೇ ದಿನ ಸಂಜೆ ಐದಕ್ಕೆ.

ಇದರಿಂದ ಕೋಟೆ ಉಳಿದುಬಿಡುತ್ತದೆ ಎಂಬ ಭ್ರಮೆ ನನಗಿಲ್ಲ. ಕೆಳಗಿನ ಹೋಟೆಲಿನ ನಲ್ಲಿಯಲ್ಲೂ ಬರುವುದು ಮರುಭೂಮಿಗೆ ದೂರದಿಂದ ತಂದ ನೀರೇ. ಆದರೆ ಶೀಟಿನಲ್ಲಿ ಒಂದು ಕಾಲಂ ಜಾಸ್ತಿಯಾಗಿದೆ. ಮುಂದೆ ಯಾವ ಹಳೆಯ ಊರಿಗೆ ಹೋದರೂ ಅದು ಇರುತ್ತದೆ. ಅದರ ಪಕ್ಕದಲ್ಲಿ ಹೊಸ ಶೀಟೊಂದನ್ನು ಮಗನೇ ತೆರೆದಿದ್ದಾನೆ: "ಬಾಗಲಕೋಟೆ, ಮೇ". ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಹಳೆ ಓಣಿಯ ಜಾಗ ತೋರಿಸುತ್ತೇನೆ ಎಂದು ಅಜ್ಜ ಮಾತು ಕೊಟ್ಟಿದ್ದಾರೆ.

ಟಿಕೆಟ್ ಆಯಿತು ಎಂದು ಹೇಳಲು ನಿನ್ನೆ ಫೋನ್ ಮಾಡಿದಾಗ ಅಪ್ಪ ಇನ್ನೊಂದು ಪ್ರಶ್ನೆ ಕೇಳಿದರು. "ಆ ಮ್ಯಾಲಿಂದ ಬೀಳೂ ನೀರು ನನಗ ಆಗೂದಿಲ್ಲ. ಬಕೆಟ್ಟು, ತಂಬಿಗಿ ಕೊಡ್ತಾರೇನು ಕೇಳು."

ಕೇಳಿದೆ. ಕೊಡುತ್ತಾರಂತೆ.