ಕಲ್ಲು ನೋಡುವ ಹುಚ್ಚು

ಕಲ್ಲಿನ ಹುಚ್ಚು ಹತ್ತಿದವರನ್ನು ಲಾಲ್‌ಬಾಗಿನಲ್ಲಿ ಗುರುತಿಸುವುದು ಸುಲಭ. ಉಳಿದವರು ಕೆಂಪೇಗೌಡ ಗೋಪುರದ ಮುಂದೆ ಫೋಟೊ ತೆಗೆಸಿಕೊಳ್ಳುವಾಗ ಇವರು ಬಂಡೆಯ ಮೇಲೆ ಕುಕ್ಕರುಗಾಲಿನಲ್ಲಿ ಕೂತು ಕಿಸೆಯಿಂದ ಭೂತಗನ್ನಡಿ ತೆಗೆದಿರುತ್ತಾರೆ. ಜೊತೆಗೆ ಬಂದ ಮನೆಯವರು ಅಷ್ಟರಲ್ಲಿ ಒಂದು ಪೊಟ್ಟಣ ಕಡಲೆಕಾಯಿ ಮುಗಿಸಿರುತ್ತಾರೆ.

ಇವರ ಕಣ್ಣು ಬಂಡೆಯ ಪಟ್ಟೆಗಳ ಮೇಲೆ. ಬೆಳ್ಳಗಿನ ಪಟ್ಟೆಯಲ್ಲಿ ಬೆಣಚು, ಫೆಲ್ಡ್‌ಸ್ಪಾರ್; ಕಪ್ಪಿನದರಲ್ಲಿ ಕರಿಯ ಅಭ್ರಕ. ಸುಮಾರು 300 ಕೋಟಿ ವರ್ಷ ಹಳೆಯ ಈ ಶಿಲೆ ನೆಲದಾಳದ ಕಾವಿಗೂ ಒತ್ತಡಕ್ಕೂ ಸಿಕ್ಕಿ ತನ್ನ ಖನಿಜಗಳನ್ನು ಹೊಸದಾಗಿ ಜೋಡಿಸಿಕೊಂಡಿತು. ಇದೇ ನೈಸ್. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯಲ್ಲಿದ್ದ ಸ್ಮೀತ್ 1916ರಲ್ಲಿ ಇದಕ್ಕೆ ‘ಪೆನಿನ್ಸುಲಾರ್ ನೈಸ್’ ಎಂದು ಹೆಸರಿಟ್ಟರು. ದಕ್ಷಿಣ ಭಾರತದ ಬಹುಭಾಗಕ್ಕೆ ಇದೇ ಅಡಿಪಾಯ.

ರಾಮನಗರಕ್ಕೆ ಹೋದರೆ ಕಲ್ಲಿನ ಗುಣವೇ ಬೇರೆ. ‘ಶೋಲೆ’ಯ ಗಬ್ಬರ್ ಓಡಾಡಿದ್ದು ಸುಮಾರು 250 ಕೋಟಿ ವರ್ಷದ ಕ್ಲೋಸ್‌ಪೇಟ್ ಗ್ರಾನೈಟಿನ ಮೇಲೆ. ಇಲ್ಲಿ ಪಟ್ಟೆಗಿಂತ ಹೆಚ್ಚಾಗಿ ಹರಳುಗಳೇ ಕಾಣುತ್ತವೆ, ಕೆಲವು ಕಡೆ ಹೆಬ್ಬೆರಳಿನಷ್ಟು ದಪ್ಪದ ನಸುಗೆಂಪು ಫೆಲ್ಡ್‌ಸ್ಪಾರ್. ಪಾಕ ನಿಧಾನವಾಗಿ ಆರಿದರೆ ಕಲ್ಲುಸಕ್ಕರೆಯ ಹರಳು ದೊಡ್ಡದಾಗುವುದಿಲ್ಲವೇ, ಹಾಗೆಯೇ ಇದೂ. ಕರಗಿದ ಶಿಲಾರಸ ಮೇಲಕ್ಕೆ ಉಕ್ಕದೆ ಕಿಲೋಮೀಟರುಗಟ್ಟಲೆ ಆಳದಲ್ಲೇ ಉಳಿದು, ಲಕ್ಷಾಂತರ ವರ್ಷ ಆರುತ್ತ ಗಟ್ಟಿಯಾಯಿತು. ಮೇಲಿದ್ದ ಹೊದಿಕೆಯನ್ನೆಲ್ಲ ಮಳೆಗಾಳಿ ಸವೆಸಿದ ಮೇಲಷ್ಟೇ ಬೆಟ್ಟವಾಗಿ ಬೆಳಕು ಕಂಡಿತು.

ಮಲ್ಪೆಯಾಚೆಯ ಸೇಂಟ್ ಮೇರೀಸ್ ದ್ವೀಪದಲ್ಲಿ ಇದರ ತದ್ವಿರುದ್ಧ. ಮಡಗಾಸ್ಕರ್ ನಮ್ಮಿಂದ ಬೇರ್ಪಟ್ಟ ಕಾಲದಲ್ಲಿ, ಸುಮಾರು 9 ಕೋಟಿ ವರ್ಷಗಳ ಹಿಂದೆ, ನೆಲದ ಮೇಲೆ ಹರಿದ ಲಾವಾ ಬೇಗ ಆರಿ ಕುಗ್ಗಿತು, ಬಿರುಕು ಬಿಟ್ಟು ಐದಾರು ಮೂಲೆಯ ಕಂಬಗಳಾಯಿತು. ಅದರ ಹರಳು ನೋಡಲು ಭೂತಗನ್ನಡಿಯೂ ಸಾಲದು.

ಆಳಕ್ಕೆ ಇಳಿದು ನೋಡುವ ಆಸೆಯಂತೂ ಈಡೇರುವುದಿಲ್ಲ. ರಷ್ಯದ ಕೋಲಾದಲ್ಲಿ ಕೊರೆದದ್ದು 12,262 ಮೀಟರ್. ಅಲ್ಲಿನ ಹೊರಪದರದ ಮೂರನೇ ಒಂದು ಭಾಗವಷ್ಟೇ. ಅದರ ಕೆಳಗಿನದೆಲ್ಲ ಬಹುಪಾಲು ಭೂಕಂಪದ ಅಲೆಗಳು ತಂದ ಸುದ್ದಿ. ಭೂಗರ್ಭದ ನಟ್ಟನಡುವೆ ಇನ್ನೊಂದು ಒಳತಿರುಳಿದೆ ಎಂದು ಡೆನ್ಮಾರ್ಕಿನ ಇಂಗೆ ಲೆಹ್ಮನ್ 1936ರಲ್ಲಿ ಕಂಡುಹಿಡಿದದ್ದು ಹಾಗೆಯೇ.

ಈ ಹುಚ್ಚಿನವರನ್ನು ಗ್ರಾನೈಟ್ ಅಂಗಡಿಗೆ ಮಾತ್ರ ಕರೆದೊಯ್ಯಬಾರದು. ಅಡುಗೆಮನೆ ಕಟ್ಟೆಗೆಂದು ಆರಿಸಿದ ಚಾಮರಾಜನಗರದ ಕಪ್ಪು ಗ್ರಾನೈಟ್ ಗ್ರಾನೈಟೇ ಅಲ್ಲ, ಡಾಲರೈಟ್ ಎಂದು ಪಾಠ ಶುರುಮಾಡುತ್ತಾರೆ. ಅಂಗಡಿಯವನು ತಾಳ್ಮೆಯಿಂದ ಕೇಳಿ, “ಅದೇ ಇರಲಿ ಸಾರ್, ಎಷ್ಟು ಚದರಡಿ ಬೇಕು?” ಎನ್ನುತ್ತಾನೆ.