ಸೇರಿನ ಲೆಕ್ಕದಲ್ಲಿ ಮುಂಗಾರು

ಹಳೆಯ ಕಂದಾಯದ ಕಾಗದಗಳಲ್ಲಿ ಮಳೆ ಹುಡುಕುವುದಕ್ಕಿಂತ ಹೆಚ್ಚಿನ ಸುಖ ನನಗೆ ಬೇರೊಂದಿಲ್ಲ. ಮನೆ ಯಲಹಂಕದಲ್ಲಿ, ಓದಲು ಕೂತರೆ ಮನಸ್ಸು ನೂರೈವತ್ತು ವರ್ಷ ಹಿಂದಿನ ಮುಂಗಾರಿನಲ್ಲಿ.

ಮಳೆ ಎಷ್ಟು ಬಂತೆಂದು ಬರೆದಿಡುವುದು ಶಾನುಭೋಗರ ಕೆಲಸವಾಗಿರಲಿಲ್ಲ. ಲೆಕ್ಕದಿಂದಲೇ ಅದನ್ನು ಹಿಂಡಿ ತೆಗೆಯಬೇಕು. ಹತ್ತೊಂಬತ್ತನೆಯ ಶತಮಾನದ ದರಪಟ್ಟಿಗಳಲ್ಲಿ ರೂಪಾಯಿಗೆ ರಾಗಿ ಇಷ್ಟು ಸೇರು ಎಂದಿರುತ್ತದೆ. ಸೇರು ತಿಂಗಳಿಂದ ತಿಂಗಳಿಗೆ ಇಳಿಯುತ್ತ ಬಂದರೆ, ಎಂದರೆ ಬೆಲೆ ಏರುತ್ತ ಹೋದರೆ, ಎದೆ ಝಲ್ಲೆನ್ನುತ್ತದೆ. ಆದರೂ ಒಂದೇ ಸಾಕ್ಷಿ ಸಾಲದು. ವರ್ತಕರು ಧಾನ್ಯ ಬಚ್ಚಿಟ್ಟರೂ ಬೆಲೆ ಏರುತ್ತದೆ. ಮಾಫಿ ಕೇಳುವ ರೈತ ಬರವನ್ನು ಹಿಗ್ಗಿಸುತ್ತಾನೆ, ವಸೂಲಿಯ ಅಧಿಕಾರಿ ಕುಗ್ಗಿಸುತ್ತಾನೆ. ಇಬ್ಬರನ್ನೂ ಪಕ್ಕಪಕ್ಕ ಕೂರಿಸಿ ಓದುವುದರಲ್ಲೇ ಇದರ ರುಚಿ. ಮಖೆ ಮಳೆ ತಪ್ಪಿತು ಎಂಬ ಮಾತು ಸಿಕ್ಕರಂತೂ ಹಬ್ಬ: ಒಂದೊಂದು ಮಳೆ ನಕ್ಷತ್ರಕ್ಕೆ ಹದಿಮೂರು-ಹದಿನಾಲ್ಕು ದಿನ, ಹಾಗಾಗಿ ಇಡೀ ವರ್ಷದ ಬರ ಆಗಸ್ಟ್ ಉತ್ತರಾರ್ಧಕ್ಕೆ ಬಂದು ನಿಲ್ಲುತ್ತದೆ.

1876 ಧಾತು, ಮರುವರ್ಷ ಈಶ್ವರ. ಬರ ಬಿದ್ದ ಈ ಎರಡು ಸಂವತ್ಸರಗಳ ಕಾಗದ ಕಂತೆಕಂತೆಯಾಗಿ ಉಳಿದಿದೆ. 1871ರ ಗಣತಿಯಲ್ಲಿ ಐವತ್ತು ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನ 1881ರಲ್ಲಿ ನಲವತ್ತೆರಡು ಲಕ್ಷಕ್ಕಿಂತ ಕಡಮೆ. ಅದೇ ಕಾಲಕ್ಕೆ ಉತ್ತರ ಚೀನಾದಲ್ಲೂ ಬ್ರೆಜಿಲ್ಲಿನ ಈಶಾನ್ಯದಲ್ಲೂ ಬರ; ಪೆಸಿಫಿಕ್ ಸಾಗರ ಕಾದು ಎದ್ದ ಭಾರಿ ಎಲ್ ನಿನೊ ಅದು ಎಂದು ಈಗ ಗೊತ್ತು. ಗಣತಿಯ ಆ ಸಂಖ್ಯೆಗಳ ಮುಂದೆ ನಾನು ಪೆನ್ಸಿಲ್ ಕೆಳಗಿಡುತ್ತೇನೆ.

ಒಳ್ಳೆಯ ಮಳೆಗೆ ಮಾತ್ರ ಕಾಗದವೇ ಇಲ್ಲ. ಬೆಳೆ ಬಂದರೆ ಯಾರೂ ಅರ್ಜಿ ಬರೆಯುವುದಿಲ್ಲ. ಕಲ್ಲಿನ ಬರಹವೂ ಹಾಗೆಯೇ: ಹೆಬ್ಬಾಳದ ಕಿತ್ತಯ್ಯನ ವೀರಗಲ್ಲು, ಸುಮಾರು 750ರದು, ಕಾಳಗವನ್ನು ಹೇಳುತ್ತದೆ, ಆ ವರ್ಷದ ಮಳೆಯನ್ನಲ್ಲ. ಕಪ್ಪು ಬಟ್ಟೆಯ ಕಡತಗಳ ಮೇಲೆ ಬಳಪದಲ್ಲಿ ಬರೆದದ್ದನ್ನು ಒರೆಸಿ ಮತ್ತೆ ಬರೆಯಬಹುದಿತ್ತು; ಎಷ್ಟು ಸಮೃದ್ಧ ವರ್ಷಗಳು ಹಾಗೆ ಒರೆಸಿಹೋದವೋ! ಪತ್ರಿಕೆ, ದಿನಚರಿ, ಮಿಷನರಿಗಳ ಪತ್ರಗಳಿಂದ ಜಾರ್ಜ್ ಆಡಮ್‌ಸನ್ ಮತ್ತು ಡೇವಿಡ್ ನ್ಯಾಶ್ ಪಶ್ಚಿಮ ಭಾರತದ 1781ರಿಂದ 1860ರವರೆಗಿನ ಮಳೆಯ ಏರಿಳಿತವನ್ನು ಕಟ್ಟಿಕೊಟ್ಟಿದ್ದಾರೆ. ನಮ್ಮ ಸೀಮೆಗೂ ಅಂಥದೊಂದು ಬೇಕೆಂಬುದು ನನ್ನ ಆಸೆ.

ಅದಕ್ಕೆ ಕೆರೆಗಳ ಸಾಕ್ಷಿ ಗಟ್ಟಿ. ಯಲಹಂಕ, ಅಲ್ಲಾಳಸಂದ್ರದ ನೀರು ಜಕ್ಕೂರಿಗೆ, ಜಕ್ಕೂರಿನದು ರಾಚೇನಹಳ್ಳಿಗೆ. ಕೆಳಗಿನ ಕೆರೆ ಕೋಡಿ ಬಿತ್ತೆಂಬ ಒಂದು ಸಾಲಿದ್ದರೆ ಮೇಲಿನವೂ ತುಂಬಿದ್ದಿರಬೇಕು, ಏರಿ ಒಡೆದಿರದಿದ್ದರೆ. ಈ ತರ್ಕ ಹಳೆಯ ಕಾಲಕ್ಕಷ್ಟೇ ಸಲ್ಲುತ್ತದೆ. ಇಂದು ಜಕ್ಕೂರು ಕೆರೆಗೆ ಶುದ್ಧೀಕರಿಸಿದ ಚರಂಡಿ ನೀರು ಬೇಸಿಗೆಯಲ್ಲೂ ಹರಿಯುತ್ತದೆ. 2021ರ ನವೆಂಬರಿನಲ್ಲಿ ಯಲಹಂಕ ಕೆರೆಯ ನೀರು ಕೇಂದ್ರೀಯ ವಿಹಾರ ವಸತಿ ಸಮುಚ್ಚಯಕ್ಕೆ ನುಗ್ಗಿದಾಗ ಅದರಲ್ಲಿ ಮಳೆಯ ಪಾಲೆಷ್ಟು, ಕಾಂಕ್ರೀಟಿನ ಪಾಲೆಷ್ಟು? ಇಂಥ ವರ್ಷಗಳನ್ನು ಮುಂದೆ ಓದುವವರಿಗೆ ಮಳೆಮಾಪಕದ ಅಂಕಿ ಸಾಲದು. ಬಡಾವಣೆಯ ನಕ್ಷೆ, ರಾಜಕಾಲುವೆಯ ಅಗಲ, ಚರಂಡಿಯ ಲೆಕ್ಕ ಎಲ್ಲವೂ ಬೇಕಾಗುತ್ತದೆ.